ಗುಂಗುರು ಕೂದಲಿನ ಜಾತಿ ಬೆಕ್ಕು

ಇಪ್ಪತ್ತಾರು ವರ್ಷದಿಂದ ಊರವರ ತಲೆಗೆ ಕೈ ಹಾಕಿ ಬದುಕುತ್ತಿರುವವಳು ನಾನು. ಮೂರು ಕುರ್ಚಿಯ ಹೆಂಗಸರ ಪಾರ್ಲರು. ಬಾಗಿಲಲ್ಲಿ ಕಾಲಿಡುತ್ತಿದ್ದಂತೆಯೇ ಯಾರದು ಹುಟ್ಟಿನಿಂದ ಬಂದ ಗುಂಗುರು, ಯಾರದು ಔಷಧಿ ಹಾಕಿ ಸುತ್ತಿಸಿಕೊಂಡದ್ದು, ಯಾರು ಮನೆಯಲ್ಲೇ ಕದ್ದು ಬಣ್ಣ ಹಚ್ಚಿಕೊಂಡು ಕೆಡಿಸಿಕೊಂಡು ಬಂದಿದ್ದಾರೆ, ಎಲ್ಲ ಹೇಳಿಬಿಡುತ್ತೇನೆ. ಕೂದಲಿನ ವಿಷಯದಲ್ಲಿ ನನ್ನೆದುರು ಯಾರೂ ಬಾಯಿ ಬಿಡಬಾರದು. ಈ ಕೊಬ್ಬು ನನಗಿತ್ತು, ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ನನ್ನ ತಮ್ಮ ಲಿಫ್ಟ್ ಮೆಕ್ಯಾನಿಕ್. ಜೊತೆ ಕೆಲಸ ಮಾಡುವವರು ಅವನನ್ನು ಗುಮ್ಮ ಅನ್ನುತ್ತಾರೆ. ಹೆಂಡತಿ ಬಿಟ್ಟುಹೋದ ಮೇಲೆ ನನ್ನ ಮನೆಯ ಹಿಂದಿನ ಕೋಣೆಗೆ ಬಂದು ಸೇರಿಕೊಂಡವನು ಒಂದೂವರೆ ವರ್ಷ ‘ಹೂಂ’, ‘ಉಹೂಂ’ ಎರಡರಲ್ಲೇ ಕಾಲ ತಳ್ಳಿದ. ಊಟ ಮಾಡ್ತೀಯಾ ಅಂದರೆ ಹೂಂ. ಇನ್ನೊಂದಿಷ್ಟು ಹಾಕಲಾ ಅಂದರೆ ಉಹೂಂ. ಗೋಡೆಯ ಜೊತೆ ಜಗಳವಾಡಿದ ಹಾಗೆ ಅವನ ಜೊತೆ ಜಗಳವಾಡಿ ನಾನೇ ಸುಸ್ತಾಗಿದ್ದೆ.

ಅಂಥವನು ಒಂದು ಮಂಗಳವಾರ ಸಂಜೆ ಸಾಮಾನಿನ ಚೀಲವನ್ನು ಎದೆಗವಚಿಕೊಂಡು ನೇರ ಪಾರ್ಲರಿಗೇ ನುಗ್ಗಿದ. “ಅಕ್ಕಾ, ಇಲ್ನೋಡು.”

ಚೀಲದೊಳಗೆ, ಸ್ಪ್ಯಾನರುಗಳ ಮಧ್ಯೆ, ಮುಷ್ಟಿಯಷ್ಟಿದ್ದ ಬೆಕ್ಕಿನ ಮರಿ. ಯಾವುದೋ ಆಫೀಸಿನ ಲಿಫ್ಟಿನ ತಳದ ಗುಂಡಿಯಲ್ಲಿ ಬಿದ್ದು ಕೂಗುತ್ತಿತ್ತಂತೆ. ಲಿಫ್ಟ್ ನಿಲ್ಲಿಸಿ, ಇಳಿದು ಎತ್ತಿಕೊಂಡು ಬಂದಿದ್ದ. “ಇಟ್ಕೊಳ್ಳೋಣವಾ?” ಅಂದ. ಒಂದೂವರೆ ವರ್ಷದಲ್ಲಿ ಅವನಾಗಿ ನನ್ನನ್ನು ಕೇಳಿದ ಮೊದಲ ಮಾತು ಅದು. ಬೆಕ್ಕು ಕಂಡರೆ ಮಾರು ದೂರ ಹಾರುವ ನಾನು ಆ ಒಂದು ಕಾರಣಕ್ಕೆ ಒಪ್ಪಿದೆ.

ಕುರ್ಚಿಯಲ್ಲಿ ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದ ಟೀಚರಮ್ಮ ಕತ್ತು ಉದ್ದ ಮಾಡಿ ನೋಡಿದರು. “ಬೀದಿ ಬೆಕ್ಕು ರೀ. ಅದರಲ್ಲಿ ನೋಡೋದೇನಿದೆ?”

“ಇಲ್ಲಪ್ಪ, ಕಿವಿ ನೋಡಿ, ಎಷ್ಟು ದೊಡ್ಡದು,” ಅಂದಳು ಪಕ್ಕದ ಔಷಧಿ ಅಂಗಡಿಯವಳು. “ಯಾವುದೋ ಜಾತಿ ಬೆಕ್ಕೇ ಇದು.”

ನಾನು ಸುಮ್ಮನಿರುವವಳೇ? ಬೆರಳು ಹಾಕಿ ನೋಡಿದೆ. ತುಪ್ಪಳ ತೆಳ್ಳಗಿತ್ತು. ಆದರೆ ಒಂದೊಂದು ಎಳೆಯೂ ಬಾಗಿತ್ತು. ಕುತ್ತಿಗೆಯ ಹತ್ತಿರವಂತೂ ಸಣ್ಣ ಸಣ್ಣ ಸುರುಳಿ. “ಗುಂಗುರು ಇದು!” ಅಂದೆ.

“ಬೆಕ್ಕಿಗೆ ಗುಂಗುರು ಕೂದಲಾ!” ಟೀಚರಮ್ಮ ಕಿಸಕ್ಕನೆ ನಕ್ಕರು. ನನಗೆ ಉರಿದುಹೋಯಿತು. ಔಷಧಿ ಅಂಗಡಿಯವಳು ಫೋನಿನಲ್ಲಿ ತಡಕಾಡಿ ಒಂದು ಫೋಟೋ ತೋರಿಸಿದಳು. ತೆಳ್ಳನೆ ಮೈ, ದೊಡ್ಡ ಕಿವಿ, ಮೈತುಂಬ ಅಲೆ ಅಲೆಯಾದ ಗಿಡ್ಡ ತುಪ್ಪಳ. ಅಂಥದ್ದೊಂದು ತಳಿಯೇ ಇದೆಯಂತೆ! “ತಗೊಳ್ಳಿ, ಈಗೇನಂತೀರಾ?” ಅಂತ ಫೋನನ್ನು ಟೀಚರಮ್ಮನ ಮೂಗಿಗೇ ಹಿಡಿದೆ.

“ನಿಜವಾಗ್ಲೂ ಜಾತಿ ಬೆಕ್ಕಾ ಅಕ್ಕಾ? ಗುಂಡೀಲಿ ಬಿದ್ದಿತ್ತಲ್ಲ?” ಅಂದ ತಮ್ಮ.

“ನನಗೆ ಕೂದಲು ಗೊತ್ತಿಲ್ವೇನೋ?” ಅಂದೆ. ಅವನ ಮುಖದ ಮೇಲೆ ಎಷ್ಟೋ ಕಾಲದ ಮೇಲೆ ನಗು ಬಂತು. ತನಗೂ ಏನೋ ಒಂದು ಒಳ್ಳೆಯದು ಸಿಕ್ಕಿತು ಎಂಬಂಥ ನಗು. ಮರಿಗೆ ಗುಂಗುರು ಎಂದೇ ಹೆಸರಿಟ್ಟ.

ಆಮೇಲೆ ನೋಡಬೇಕು ಅವನ ಬಾಯಿ! ಗುಂಗುರು ಹಾಲು ಕುಡೀತು, ಗುಂಗುರು ಆಕಳಿಸ್ತು, ಗುಂಗುರು ನನ್ನ ಬೂಟಲ್ಲಿ ಮಲಗಿತ್ತು. ಜೊತೆ ಕೆಲಸ ಮಾಡುವವರನ್ನೆಲ್ಲ ಮನೆಗೆ ಕರೆತಂದು ತೋರಿಸಿದ. “ಬೀದೀಲಿ ಸಿಗೋದಲ್ಲ ಇದು. ನಮ್ಮಕ್ಕ ಮುಟ್ಟಿ ನೋಡೇ ಹೇಳಿಬಿಟ್ಳು.” ನಾನು ಒಳಗೆ ಪಾತ್ರೆ ತೊಳೆಯುತ್ತಾ ಕೇಳಿಸಿಕೊಂಡು ಉಬ್ಬಿಹೋಗುತ್ತಿದ್ದೆ.

ನಾಲ್ಕನೇ ದಿನ ಅದು ಮಲಗಿದ ಬಟ್ಟೆಯ ಮೇಲೆ ಕಪ್ಪು ಪುಡಿ ಕಂಡಿತು. ಲಿಫ್ಟಿನ ಕೊಳೆ ಉದುರುತ್ತಿದೆ ಅಂದೆ. ಆರನೇ ದಿನ ತುಪ್ಪಳ ಉದುರತೊಡಗಿತು. “ಡಾಕ್ಟರಿಗೆ ತೋರಿಸಲಾ ಅಕ್ಕಾ?” ಅಂದ. “ಹುಟ್ಟುಗೂದಲು ಕಣೋ. ಹೋಗಲಿ, ಒಳ್ಳೇದು ಬರುತ್ತೆ. ನಾನಿಲ್ವಾ?” ಅಂದೆ. ಎಂಟನೇ ದಿನದಿಂದ ಅದು ಆಟವನ್ನೇ ಬಿಟ್ಟು ಬಿದ್ದುಕೊಂಡಿರತೊಡಗಿತು. ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಜಾತಿ ಬೆಕ್ಕುಗಳು ಬೀದಿ ಬೆಕ್ಕುಗಳ ಹಾಗೆ ಹಾರಾಡುವುದಿಲ್ಲ ಅಂದೆ. ಎಲ್ಲಿ ಕೇಳಿದ್ದೆನೋ, ಯಾರು ಹೇಳಿದ್ದರೋ! ಅವನು ನಂಬಿದ.

ಹನ್ನೊಂದನೇ ದಿನ ಬೆಳಗ್ಗೆ ಹಾಲಿನ ಬಟ್ಟಲು ಮೂಗಿಗೆ ತಾಗಿಸಿದರೂ ತಲೆ ಎತ್ತಲಿಲ್ಲ. ಇಬ್ಬರೂ ಓಡಿದೆವು.

ಪ್ರಾಣಿಗಳ ಆಸ್ಪತ್ರೆಯಲ್ಲಿ ಫಾರಂ ಕೊಟ್ಟರು. ‘ತಳಿ’ ಎಂಬಲ್ಲಿ ನನ್ನ ತಮ್ಮ ದುಂಡಗಿನ ಅಕ್ಷರದಲ್ಲಿ ‘ಗುಂಗುರು ಕೂದಲಿನ ಜಾತಿ ಬೆಕ್ಕು’ ಎಂದು ಬರೆದ. ಒಳಗೆ ಒಬ್ಬರೇ ಬರಬೇಕಂತೆ. “ಸೂಜಿ ನೋಡೋಕೆ ನನ್ನ ಕೈಲಾಗಲ್ಲ. ನೀನೇ ಹೋಗಕ್ಕಾ,” ಅಂದ.

ಡಾಕ್ಟರಮ್ಮ ಫಾರಂ ನೋಡಿದರು, ಮರಿಯನ್ನು ನೋಡಿದರು. ತುಟಿ ಎತ್ತಿ ಒಸಡು ತೋರಿಸಿದರು. ಕಾಗದದ ಹಾಗೆ ಬಿಳುಚಿಕೊಂಡಿತ್ತು. ಒದ್ದೆ ಹತ್ತಿಯಿಂದ ಬೆನ್ನು ಒರೆಸಿದರು. ಹತ್ತಿಗೆ ಅಂಟಿದ ಕಪ್ಪು ಪುಡಿ ನನ್ನ ಕಣ್ಣೆದುರೇ ಕೆಂಪಾಯಿತು.

“ಇದು ಕೊಳೆ ಅಲ್ಲಮ್ಮ, ಚಿಗಟದ ಹಿಕ್ಕೆ. ಇದರ ರಕ್ತ ಪೂರ್ತಿ ಅವೇ ಕುಡಿದಿವೆ.” ಮತ್ತೆ ಏನೋ ಹಚ್ಚಿ, ಬೆಚ್ಚಗಿನ ನೀರಲ್ಲಿ ಒರೆಸಿದರು. ಕುತ್ತಿಗೆಯ ಸುರುಳಿಗಳೆಲ್ಲ ಬಿಚ್ಚಿಕೊಂಡು ನೆಟ್ಟಗೆ ಮಲಗಿದವು. “ಮಾಮೂಲಿ ಬೀದಿ ಬೆಕ್ಕು. ಗಿಡ್ಡ ಕೂದಲು. ಗ್ರೀಸ್ ಅಂಟಿ ಒಣಗಿ ಹೀಗಾಗಿದೆ ಅಷ್ಟೇ. ಒಂದು ವಾರ ಮುಂಚೆ ಬಂದಿದ್ರೆ ಆರಾಮಾಗಿ ಉಳಿಸ್ಕೋಬಹುದಿತ್ತು.”

ಪಾರ್ಲರಿಗೆ ಕೆಲಸ ಕಲಿಯಲು ಬರುವ ಹುಡುಗಿಯರಿಗೆ ಮೊದಲ ದಿನವೇ ಹೇಳಿಕೊಡುತ್ತೇನೆ: ತೊಳೆಯದೆ ಯಾರ ಕೂದಲಿನ ಬಗ್ಗೆಯೂ ಮಾತಾಡಬೇಡಿ. ಒದ್ದೆಯಾದ ಮೇಲೆಯೇ ಸುರುಳಿಯ ನಿಜ ಗೊತ್ತಾಗುವುದು. ಒಂದು ಬಟ್ಟಲು ನೀರು ಸಾಕಿತ್ತು. ಟೀಚರಮ್ಮನ ಬಾಯಿ ಮುಚ್ಚಿಸುವ ಗಡಿಬಿಡಿಯಲ್ಲಿ ನನಗೆ ಅದು ನೆನಪಾಗಿರಲಿಲ್ಲ.

ಸಹಾಯಕಿ ಅವತ್ತು ರಜೆಯಂತೆ. ನನ್ನ ಕಸುಬು ಕೇಳಿಕೊಂಡು ಡಾಕ್ಟರಮ್ಮ ಕೂದಲು ತೆಗೆಯುವ ಮೆಷಿನ್ನನ್ನು ನನ್ನ ಕೈಗೇ ಕೊಟ್ಟರು. ಸೂಜಿ ಚುಚ್ಚಲು ಮುಂಗಾಲಿನ ಮೇಲೆ ಬೆರಳಗಲ ಜಾಗ ಬೋಳಿಸಬೇಕಿತ್ತು. ಎಷ್ಟು ಸಾವಿರ ತಲೆ ನೋಡಿದ ಕೈ! ಆ ಬೆರಳಗಲಕ್ಕೆ ಮೂರು ಸಲ ಮೆಷಿನ್ ಆಡಿಸಬೇಕಾಯಿತು. ಮರಿ ಕೊಸರಾಡಲೂ ಇಲ್ಲ. ಪರಚಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹೊರಗೆ ಬಂದಾಗ ತಮ್ಮ ಎದ್ದು ನಿಂತ. “ಏನಂದ್ರು?”

“ರಕ್ತ ಕಮ್ಮಿ ಅಂದ್ರು. ಎರಡು ದಿನ ಇಲ್ಲೇ ಇರಲಿ ಅಂದ್ರು.”

“ಜಾತಿ ನೋಡಿ ಏನಂದ್ರು?”

ನಾಲಿಗೆಯ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡೆ. “ಆ ಗಡಿಬಿಡೀಲಿ ಅದನ್ನೆಲ್ಲಿ ಕೇಳ್ಲೋ,” ಅಂತ ಅವನ ಮೇಲೆಯೇ ರೇಗಿದೆ. ಮರಿ ಚೇತರಿಸಿಕೊಳ್ಳಲಿ, ಆಮೇಲೆ ನಗುನಗುತ್ತಾ ಹೇಳಿದರಾಯಿತು ಎಂದುಕೊಂಡೆ.

ಮರುದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ, ಕೆಲಸಕ್ಕೆ ಹೋಗಬೇಕಾದವನು ಹಿಂದಿನ ಕೋಣೆಯಲ್ಲಿ ಮಂಚದ ತುದಿಗೆ ಕೂತಿದ್ದ. ಕಣ್ಣು ಕೆಂಪಗಾಗಿತ್ತು. “ಆಸ್ಪತ್ರೆಯಿಂದ ಫೋನ್ ಬಂದಿತ್ತು ಅಕ್ಕಾ,” ಅಂದ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅವರು ಎಲ್ಲ ಹೇಳಿರಬೇಕು, ಈಗ ನನಗೆ ಕಾದಿದೆ ಎಂದುಕೊಂಡೆ. ಬಯ್ಯಲಿ, ಕೂಗಾಡಲಿ, ಬೇಕಾದರೆ ಮನೆ ಬಿಟ್ಟು ಹೋಗುತ್ತೇನೆ ಅನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅವನು ಬಯ್ಯಲಿಲ್ಲ. ಸರಿದು, ಪಕ್ಕದಲ್ಲಿ ನನಗೆ ಜಾಗ ಮಾಡಿದ.

“ನೀನು ಮನಸ್ಸಿಗೆ ಹಚ್ಕೋಬೇಡ. ಅಂಥ ತಳಿ ಎಲ್ಲ ಬಹಳ ನಾಜೂಕಂತೆ, ನಾನು ಫೋನಲ್ಲಿ ಓದಿದೆ. ನಮ್ಮಂಥವರ ಮನೇಲಿ ಅವು ಉಳಿಯಲ್ಲ.” ಮೂಗು ಒರೆಸಿಕೊಂಡ. “ಮಾಮೂಲಿ ಬೀದಿ ಬೆಕ್ಕಾಗಿದ್ದಿದ್ರೆ ಬದುಕಿಬಿಡ್ತಿತ್ತು. ಅಲ್ವಾ ಅಕ್ಕಾ?”

ಈಗಲಾದರೂ ಹೇಳು, ಹೇಳು ಎಂದು ಒಳಗೆ ಯಾರೋ ಬಡಿದುಕೊಳ್ಳುತ್ತಿದ್ದರು. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

“ಹೌದು ಕಣೋ,” ಅಂದೆ. “ಬದುಕ್ತಿತ್ತು.”