ಸಂಸ್ಕಾರವಾದ ನೀರು

ನಾನು ಒಂದು ಟ್ಯಾಂಕರ್. ದಪ್ಪ ತಗಡನ್ನು ದುಂಡಗೆ ಬಗ್ಗಿಸಿ, ವೆಲ್ಡಿಂಗ್ ಮಾಡಿ, ಲಾರಿಯ ಬೆನ್ನಿಗೆ ಬಿಗಿದ ದಿನವೇ ನನ್ನ ಹುಟ್ಟು. ನನಗೆ ಹೊಟ್ಟೆಯೇ ಮೈ. ತುಂಬಿದಾಗ ಮಾತು ಮಂದವಾಗಿ ಕೇಳಿಸುತ್ತದೆ. ಬರಿದಾದಾಗ ಯಾರು ಪಿಸುಗುಟ್ಟಿದರೂ ಒಳಗೆ ಮಂತ್ರದಂತೆ ಮೊಳಗುತ್ತದೆ.

ನನ್ನನ್ನು ಕೊಂಡವನು ಗುತ್ತಿಗೆದಾರ ಧರೆಪ್ಪ, ಓಡಿಸುವವನು ಲಾಲಸಾಬ. ಆ ಬಿಸಿಲ ಸೀಮೆಯಲ್ಲಿ ಆಗ ಗ್ಯಾಸಿನ ಬಾವಿ ಕೊರೆದಿದ್ದರು. ರಾಸಾಯನಿಕ ಬೆರೆಸಿದ ನೀರನ್ನು ನೆಲದಾಳಕ್ಕೆ ನುಗ್ಗಿಸಿ, ಕಲ್ಲನ್ನು ಸೀಳಿ, ಗ್ಯಾಸು ತೆಗೆಯುತ್ತಿದ್ದರು. ನುಗ್ಗಿದ ನೀರು ಪಾತಾಳದ ಉಪ್ಪನ್ನೆಲ್ಲ ಹೊತ್ತು ಹಿಂದಕ್ಕೆ ಬರುತ್ತಿತ್ತು. ಅದನ್ನು ಸಂಸ್ಕರಿಸದೆ ಚೆಲ್ಲಬಾರದೆಂದು ಕಾಯಿದೆ. ಹೇಗೆ ಸಂಸ್ಕರಿಸಬೇಕೆಂದು ಮಾತ್ರ ಕಾಯಿದೆ ಹೇಳಿರಲಿಲ್ಲ. ಹಾಗಾಗಿ ನಾನು ಅದನ್ನು ಪಟ್ಟಣದ ಚರಂಡಿ ನೀರಿನ ಘಟಕಕ್ಕೆ ಒಯ್ದು ಸುರಿಯುತ್ತಿದ್ದೆ. ಆ ಘಟಕಕ್ಕೆ ಹೊಲಸು ತೆಗೆಯುವುದು ಗೊತ್ತು, ಉಪ್ಪು ತೆಗೆಯುವುದು ಗೊತ್ತಿಲ್ಲ. ಅಲ್ಲಿಂದ ತಿಳಿಯಾಗಿ ಹೊರಬಂದ ನೀರನ್ನು ತುಂಬಿಕೊಂಡು, ರಸ್ತೆಯ ಧೂಳಿಗೆ ಚಿಮುಕಿಸುತ್ತ ಮರಳುತ್ತಿದ್ದೆ. ನನ್ನ ಮೈಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದರು: ಸಂಸ್ಕರಿಸಿದ ನೀರು.

ದಾರಿಯಲ್ಲಿ ನಿಂಬೆವ್ವನ ಬಾವಿ. ಊರಿನ ಉಳಿದ ಬಾವಿಗಳೆಲ್ಲ ಸವಳು, ಇದೊಂದೇ ಸಿಹಿ. ಅಡುಗೆಗೆ, ಪೂಜೆಗೆ, ಬಾಣಂತಿಗೆ, ಎಲ್ಲದಕ್ಕೂ ಊರು ಇಲ್ಲಿಂದಲೇ ಸೇದುತ್ತಿತ್ತು. ಆ ಬೇಸಿಗೆ ಅದರ ತಳ ಕಾಣಿಸಿತು. ನಿಂಬೆವ್ವ ಕೈ ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿದಳು.

"ಇದರ ಹೊಟ್ಟಿ ಮ್ಯಾಲ ಏನಂತ ಬರದೈತೋ ತಮ್ಮಾ?"

"ಸಂಸ್ಕರಿಸಿದ ನೀರು ಅಂತ ಬರದೈತಿ ಯವ್ವಾ."

"ಅಂದ್ರ, ಸಂಸ್ಕಾರ ಆಗೈತಿ?"

"ಆಗೈತಿ. ನಮ್ಮ ಸಾಹುಕಾರಗೂ ಒಂದೀಟು ಆಗಿದ್ರ ಚೊಲೋ ಇತ್ತು!" ಎಂದು ಲಾಲಸಾಬ ನಕ್ಕ.

ನಿಂಬೆವ್ವ ನಗಲಿಲ್ಲ. ಶ್ರಾವಣದ ಪುರಾಣ ಕೇಳುತ್ತಲೇ ಬೆಳೆದವಳು. ಸಂಸ್ಕಾರ ಪಡೆದದ್ದು ಶುದ್ಧವೆಂದೇ ನಂಬಿದವಳು. "ಹಂಗಾದ್ರ ಬಾವಿ ಬಾಜೂಕಿನ ಇಂಗುಗುಂಡಿಗೆ ಬಿಡಪಾ. ಭೂಮಿತಾಯಿ ಸೋಸಿ ಒಳಗ ಕಳಸ್ತಾಳ," ಎಂದಳು. ಲಾಲಸಾಬನಿಗೂ ಅದು ಪುಣ್ಯದ ಕೆಲಸವೆನಿಸಿತು. ನನ್ನ ಕೊಳವೆಯಿಂದ ಬಿದ್ದ ನೀರಿಗೆ ಬೆರಳು ತಾಗಿಸಿ ಅವಳು ಕಣ್ಣಿಗೊತ್ತಿಕೊಂಡಳು. ಬೇಸಿಗೆಯುದ್ದಕ್ಕೂ ನಾನು ಅಲ್ಲಿ ಸುರಿದೆ. ಬಾವಿ ಏರಿತು. ಊರು ಹರಸಿತು.

ಒಂದು ಮುಂಜಾನೆ ನಾನು ಅಲ್ಲಿ ನಿಂತಿದ್ದಾಗ ನೆರೆಮನೆಯ ಗುರುಬಾಯಿ ಪಾತ್ರೆ ಹಿಡಿದುಕೊಂಡೇ ಬಂದಳು. "ಏನಬೇ ನಿಂಬೆವ್ವ, ಬ್ಯಾಳಿ ಎಷ್ಟು ಕುದ್ದರೂ ಗುಂಡಿನಂಗ ಕುಂತಾವ! ಬಾವಿಗೆ ಯಾರ ಕಣ್ಣು ಬಿತ್ತೋ?"

ನಿಂಬೆವ್ವ ನೀರು ಸೇದಿ ಒಂದು ಬೊಗಸೆ ಬಾಯಿಗೆ ಹಾಕಿಕೊಂಡಳು. ಸವಳು. ಉಗುಳಲಿಲ್ಲ. ಕಣ್ಣು ಮುಚ್ಚಿ ನುಂಗಿದಳು.

ಅಧಿಕಾರಿಗಳು ಬಂದರು, ಶೀಶೆಯಲ್ಲಿ ನೀರು ಒಯ್ದರು. ಮಳೆಗಾಲ ಕಳೆದ ಮೇಲೆ ಹೊಸ ನಿಯಮ ಬಂತು. ಗ್ಯಾಸ್ ಬಾವಿಯ ನೀರು ಇನ್ನು ಪಟ್ಟಣದ ಘಟಕಕ್ಕೆ ಹೋಗಕೂಡದು. ಅದರ ಉಪ್ಪನ್ನು ಗ್ಯಾಸ್ ಬಾವಿಯ ಬಳಿಯೇ ಯಂತ್ರದಿಂದ ತೆಗೆಯಬೇಕು. ಒಳ್ಳೆಯ ನಿಯಮ. ಲಾಲಸಾಬ ಬಾವಿಕಟ್ಟೆಯ ಮೇಲೆ ಕುಳಿತು, ತಲೆ ತಗ್ಗಿಸಿಯೇ ಅದನ್ನು ಓದಿ ಹೇಳಿದ.

"ಚೊಲೋ ಮಾಡ್ಯಾರ," ಎಂದಳು ನಿಂಬೆವ್ವ. "ಈ ಬಾವಿಗೂ ಒಂದ್ಸಲ ಓದಿ ಹೇಳಪಾ. ಕೇಳಿದ್ರ ಕೇಳೀತು."

ನನ್ನ ಕೆಲಸ ನಿಂತಿತು. ಧರೆಪ್ಪ ನನ್ನನ್ನು ಒಬ್ಬ ನೀರಿನ ವ್ಯಾಪಾರಿಗೆ ಮಾರಲು ಮಾತಾಡಿದ. ಹಳೆಯ ಅಕ್ಷರ ಅಳಿಸಿ 'ಕುಡಿಯುವ ನೀರು' ಎಂದು ಬರೆಯಲು ಪೇಂಟರ್ ಬಂದ. ಸುದ್ದಿ ತಿಳಿದು ನಿಂಬೆವ್ವ ಧರೆಪ್ಪನ ಅಂಗಳಕ್ಕೇ ನಡೆದು ಬಂದಳು.

"ಹಂಗ ಬರಸಬ್ಯಾಡ್ರಿ ಸಾಹುಕಾರ್ರ. ಓದಿದವ್ರು ನಂಬ್ತಾರ."

"ತೊಳದು ಕೊಡ್ತೀನಿ ಹೋಗಬೇ. ಊರ ಉಸಾಬರಿ ನಿನಗ್ಯಾಕ?"

ಅವಳು ಹೋಗಲಿಲ್ಲ. ಅಲ್ಲೇ ಇದ್ದ ಲಾಲಸಾಬ ನನ್ನ ಕೆಳಗೆ ತೂರಿ, ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದ. ತುಕ್ಕು ತಿಂದಿದ್ದ ನನ್ನ ತಳ ಹರಿಯಿತು. "ಹುಚ್ಚು ಹಿಡದೈತೇನಲೇ!" ಎಂದು ಧರೆಪ್ಪ ಕೂಗುತ್ತಿದ್ದರೂ ಅವನು ಕೈ ಬಿಡಲಿಲ್ಲ. ಅಂದೇ ಅವನ ನೌಕರಿ ಹೋಯಿತು. ವ್ಯಾಪಾರಿಯೂ ಬೇಡವೆಂದು ಹೋದ.

ಈಗ ಅಂಗಳದ ಹಿಂದೆ, ಜಾಲಿಯ ನೆರಳಲ್ಲಿ ಬಿದ್ದಿದ್ದೇನೆ. ನಿಂಬೆವ್ವನ ಬಾವಿ ಇನ್ನೂ ಸವಳೇ ಎಂದು ದಾರಿಹೋಕರ ಮಾತಿನಿಂದ ತಿಳಿಯುತ್ತದೆ. ಮಳೆ ಬಂದರೆ ಸಿಹಿನೀರು ಮೇಲಿನ ತೆರೆದ ಬಾಯಿಯಿಂದ ಒಳಗೆ ಬಿದ್ದು, ಕೆಳಗಿನ ತೂತಿನಿಂದ ಇಳಿದುಹೋಗುತ್ತದೆ. ನೀರು ಹೊರಲೆಂದೇ ಹುಟ್ಟಿದವನು ನಾನು. ಹೊರದಿರುವುದೊಂದೇ ಈಗ ನನ್ನಿಂದಾಗುವ ಸೇವೆ.