ಕಚ್ಚಾ ಹೊಲಿಗೆಯ ಅಣ್ಣ

ನನ್ನ ದೊಡ್ಡಪ್ಪನ ಮಗ ಬೀದಿಯಲ್ಲಿ ನಡೆದು ಬರುವಾಗ ಅವನ ಎಡತೋಳಿಗೆ ಬಿಳಿಯ ದಾರದ ತುಂಡುಗಳು ಅಂಟಿಕೊಂಡೇ ಇರುತ್ತಿದ್ದವು. ಮದುವೆಮನೆಗೆ ಹೊರಟರೂ ಅಷ್ಟೆ, ಸಾವಿನ ಮನೆಗೆ ಹೊರಟರೂ ಅಷ್ಟೆ. ಹೆಜ್ಜೆಯಿಟ್ಟು, ತುಸು ತಡೆದು, ಮುಂದಿನ ಹೆಜ್ಜೆಯಿಡುವ ಅವನ ನಡಿಗೆಯೂ ಅವನು ಹಾಕುವ ಕಚ್ಚಾ ಹೊಲಿಗೆಯಂತೆಯೇ ಇತ್ತು. ಉಳಿದ ದರ್ಜಿಗಳು ಬಟ್ಟೆ ಕತ್ತರಿಸಿ ನೇರವಾಗಿ ಮಿಷನ್ನಿಗೆ ಕೊಟ್ಟರೆ, ಅಣ್ಣ ಮೊದಲು ಕೈಯಿಂದ ಉದ್ದುದ್ದ ಸಡಿಲ ಹೊಲಿಗೆ ಹಾಕಿ, ಗಿರಾಕಿಗೆ ತೊಡಿಸಿ, ಸುತ್ತ ಒಂದು ಬಳಸು ಬಂದು, ದಾರ ಕಿತ್ತು ಮತ್ತೆ ಹಾಕುತ್ತಿದ್ದ. ಮಿಷನ್ನಿನ ಹೊಲಿಗೆ ಬಿಚ್ಚಿದರೆ ಬಟ್ಟೆಗೆ ಗಾಯವಾಗುತ್ತದೆ ಎಂಬುದು ಅವನ ಸಿದ್ಧಾಂತ.

ಮಾತಿನಲ್ಲೂ ಅದೇ ಬಗೆ. ಊಟಕ್ಕೆ ಕರೆದರೆ "ನೋಡೋಣ" ಎನ್ನುವನು. ತಟ್ಟೆಯ ಮುಂದೆ ಕುಳಿತ ಮೇಲೂ ಎನ್ನುವನು. "ಇವರ ಬಾಯಲ್ಲಿ ಹೂಂ ಅನ್ನೋದು ಬಂದಿದ್ದು ಒಂದೇ ಸಲ, ಅದೂ ನಮ್ಮ ಮದುವೆ ಮಾತಾಡುವಾಗ ಕೆಮ್ಮು ಬಂದು" ಎಂದು ಅತ್ತಿಗೆ ಬಂದವರೆದುರಿಗೆಲ್ಲ ಹೇಳುತ್ತಿದ್ದಳು.

ಅಣ್ಣನ ಮಗಳು ಒಬ್ಬ ಅಡುಗೆಯವನನ್ನು ಮೆಚ್ಚಿದಳು. ರೈಲುನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೋಳಿ ಸುಡುವ ಒಲೆ ಅವನ ಪಾಲಿನದು. ಅಣ್ಣ ಬೇಡವೆನ್ನಲಿಲ್ಲ. ಮದುವೆಯ ಕೋಟು ತಾನೇ ಹೊಲಿಯುವೆನೆಂದೂ ಅದು ಸಿದ್ಧವಾದ ಮೇಲೆ ದಿನ ಗೊತ್ತುಮಾಡೋಣವೆಂದೂ ಹೇಳಿದ. ಅಲ್ಲಿಗೆ ಕೆಲಸ ಕೆಟ್ಟಿತು. ಹುಡುಗ ರಜೆಯ ದಿನವೆಲ್ಲ ಬಂದು ಕೈ ಚಾಚಿ ನಿಲ್ಲುವನು. ಒಮ್ಮೆ ಭುಜ ಇಳಿದಿರುವುದು, ಇನ್ನೊಮ್ಮೆ ಬೆನ್ನು ಸುಕ್ಕಾಗಿರುವುದು. ಮಳೆ ಹೋಗಿ ಚಳಿ ಬಂದರೂ ಕೋಟಿನ ಬಿಳಿ ದಾರ ಹೋಗಲಿಲ್ಲ.

ಒಂದು ದಿನ ಮಗಳು ನನ್ನ ಬಳಿ ಬಂದಳು. "ಚಿಕ್ಕಪ್ಪ, ಹೋಟೆಲಿನವರು ಅವರನ್ನ ಬೇರೆ ಊರಿಗೆ ಹಾಕ್ತಿದಾರೆ. ಅಪ್ಪನಿಗೆ ಸರಿಬರ್ದೇ ಇರೋದು ಕೋಟೋ, ಅವರೋ, ಅಷ್ಟಾದ್ರೂ ಕೇಳಿ."

ಕೇಳಿದರೆ ಬರುವ ಉತ್ತರ ನನಗೆ ಗೊತ್ತಿತ್ತು. ಆದುದರಿಂದ ಅಣ್ಣನನ್ನು ನೇರವಾಗಿ ಆ ಅಡುಗೆಮನೆಗೇ ಕರೆದುಕೊಂಡು ಹೋದೆ. ಹುಡುಗ ಒಲೆಯ ಬಾಗಿಲು ತೆರೆದು, ತಟ್ಟೆಗೆ ಇಳಿದಿದ್ದ ಕೊಬ್ಬಿನ ರಸವನ್ನು ಸೌಟಿನಿಂದ ಕೋಳಿಯ ಮೈಮೇಲೆ ಎರೆದು ಮುಚ್ಚಿದ. ತುಸು ಹೊತ್ತಿಗೆ ಮತ್ತೆ ತೆರೆದು ಎರೆದ. ಅಣ್ಣನಿಗೆ ತಡೆಯಲಾಗಲಿಲ್ಲ.

"ಹೀಗೆ ತೆಗೆದು ತೆಗೆದು ಹಾಕಿದ್ರೆ ಅದು ಬೇಯೋದು ಯಾವಾಗಪ್ಪಾ?"

"ತಡ ಆಗತ್ತೆ ಯಜಮಾನ್ರೇ. ಹಾಗೇ ಬಿಟ್ರೆ ಮೈ ಒಣಗತ್ತೆ" ಎಂದ ಹುಡುಗ, ಸೌಟು ಕೆಳಗಿಡದೆ. "ಆದ್ರೆ ಒಂದು ಹೊತ್ತು ಅಂತ ಬರತ್ತೆ, ಆಗ ಇಳಿಸ್ಲೇಬೇಕು. ಆಮೇಲೆ ಎಷ್ಟು ಎರೆದ್ರೂ ಹಾಳೇ."

ಅಣ್ಣ ಅಭ್ಯಾಸಬಲದಿಂದ ಹುಡುಗನ ಅಂಗಿಯ ಭುಜವನ್ನು ಎಳೆದು ಸರಿಪಡಿಸಿದ.

ಮರುದಿನ ಅಂಗಡಿಯಿಂದ ಮಿಷನ್ನಿನ ಸದ್ದು ಕೇಳಿ ಅತ್ತಿಗೆ ಒಳಗಿನಿಂದ ಇಣುಕಿದಳು. "ಏನ್ರೀ, ಕೆಮ್ಮು ಬಂತಾ?"

ಅಣ್ಣ ತಲೆಯೆತ್ತಲಿಲ್ಲ. "ಹೂಂ" ಎಂದ.

ಮದುವೆಯಲ್ಲಿ ಕೋಟು ಹುಡುಗನ ಮೈಗೆ ಹೇಳಿಮಾಡಿಸಿದಂತಿತ್ತು. ಒಳಪದರದ ಅಂಚಿನಲ್ಲಿ ಒಂದೆಳೆ ಬಿಳಿ ದಾರ ಉಳಿದಿದ್ದುದನ್ನು ತೋರಿಸಿದೆ. "ಅದಿರ್ಲಿ ಬಿಡೋ" ಎಂದ ಅಣ್ಣ.

ಇಂಥವರನ್ನು ಲೋಕ ಸಂಶಯಪಿಶಾಚಿಗಳೆಂದು ಹಳಿಯುತ್ತದೆ. ಗಾಯವಾದೀತೆಂಬ ಅಂಜಿಕೆಯೇ ಅವರ ಪ್ರೀತಿಯ ಭಾಷೆ. ಇಳಿಸುವ ಹೊತ್ತು ಬಂತೆಂದು ಹೇಳಲು ಪಕ್ಕದಲ್ಲಿ ಒಬ್ಬರಿದ್ದರೆ ಸಾಕು.