ತೊಳೆಯದ ಕೈಗಳು

"ಕೈ ತೊಳೀಬೇಡಿ ಅಂತ ಹೇಳಿದ್ನಲ್ಲ, ಕಿವಿಗೇನು ಕೋಳಿ ಕೊಬ್ಬು ತುಂಬ್ಕೊಂಡಿದೀರಾ, ಮುಂಡೇವಾ?"

ಮೇಸ್ತ್ರಿ ನಲ್ಲಿಯ ಮುಂದೆ ಅಡ್ಡ ನಿಂತಿದ್ದ. ದೊಡ್ಡಕ್ಕನಿಗೆ ಅಲ್ಲೇ ಅನುಮಾನ ಹತ್ತಿತು. ಕೋಳಿ ಕತ್ತರಿಸುವ ಈ ಶೆಡ್ಡಿಗೆ ಅವಳು ಸೇರಿದಾಗಿನಿಂದ ತೊಳೀರಿ ತೊಳೀರಿ ಎಂದು ಜೀವ ತಿಂದ ಬೋಳಿಮಗ ಇವನು. ಉರಿಯುವ ಔಷಧಿ ನೀರಿನಲ್ಲಿ ಅದ್ದಿ ಅದ್ದಿ ಹೆಂಗಸರ ಬೆರಳಿನ ಸಿಪ್ಪೆಯೇ ಎದ್ದುಹೋಗಿತ್ತು. ಅಂಥವನು ಇವತ್ತು ತೊಳೀಬೇಡಿ ಎಂದರೆ ಏನೋ ಮಸಲತ್ತು ಇರಲೇಬೇಕು.

ಅವನ ಪಕ್ಕ ಕಾಲೇಜು ಹುಡುಗಿಯೊಬ್ಬಳು. ತಲೆಗೆ ಬಲೆ, ಮಡಿಕೆ ಬಿಚ್ಚದ ಬಿಳಿ ಕೋಟು, ಕೈಯಲ್ಲಿ ತುದಿಗೆ ಹತ್ತಿ ಸುತ್ತಿದ ಕಡ್ಡಿಗಳ ಡಬ್ಬಿ. ಬಿ.ಎಸ್ಸಿ. ಓದುತ್ತಾಳಂತೆ, ಆಹಾರ ಸುರಕ್ಷತೆಯ ಸಂಶೋಧನೆ ಕಲಿಯಲು ರಜೆಯಲ್ಲಿ ಇಂಟರ್ನ್‌ಶಿಪ್ಪಿಗೆ ಬಂದಿದ್ದಾಳಂತೆ. ಕಡ್ಡಿಯಿಂದ ಕೈ ಒರೆಸಿಕೊಂಡು ಹೋಗಿ ಯಾವ ಕ್ರಿಮಿ ಇದೆಯೆಂದು ನೋಡುವುದಷ್ಟೇ, ನೋಯುವುದಿಲ್ಲ ಆಂಟಿ ಎಂದು ಬೆಣ್ಣೆಯಂಥ ಮಾತಾಡಿದಳು. ಬೆಳ್ಳಗಿರೋದೆಲ್ಲ ಹಾಲಲ್ಲ ಎಂದುಕೊಂಡಳು ದೊಡ್ಡಕ್ಕ.

ಹಿಂದಿನ ವಾರ ಇಲ್ಲಿಯ ಕೋಳಿ ತಿಂದು ಹಾಸ್ಟೆಲೊಂದರ ಮಕ್ಕಳು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದ್ದರು. ಅದಕ್ಕೂ ಮೊದಲು ತಣ್ಣನೆ ಕೋಣೆಯ ಯಂತ್ರ ಕೆಟ್ಟು ಮಾಂಸ ನಾತ ಹೊಡೆಯುತ್ತಿದ್ದರೂ ಮಾಲೀಕ ಅದನ್ನೇ ಲಾರಿಗೆ ಹೇರಿಸಿದ್ದ. ಶೆಡ್ಡಿಗೆಲ್ಲ ಗೊತ್ತು. ಗೊತ್ತಿದ್ದು ಏನು ಬಂತು ಮಣ್ಣು, ಬಾಯಿ ಬಿಟ್ಟವಳ ಒಲೆ ಆರುತ್ತದೆ.

"ಗಾಯ ಇರೋರು ಮುಂದೆ ಬನ್ನಿ. ಅವರ ಕೈ ಮಾತ್ರ ಸಾಕು," ಎಂದ ಮೇಸ್ತ್ರಿ.

ಕತ್ತರಿಸುವ ಹಲಗೆಗಳ ಮುಂದೆ ಸಾಲಾಗಿ ನಿಂತ ಹೆಂಗಸರಲ್ಲಿ ಯಾರೂ ಅಲುಗಲಿಲ್ಲ. ಗಾಯವಾದವರು ಮಾಯುವ ತನಕ ಕೆಲಸಕ್ಕಿಲ್ಲ, ಕೂಲಿಯೂ ಇಲ್ಲ ಎಂಬುದು ಇಲ್ಲಿನ ಕಾನೂನು. ಹಾಗಾಗಿ ಇಲ್ಲಿ ಯಾರಿಗೂ ಗಾಯವಾಗುವುದೇ ಇಲ್ಲ. ಬಟ್ಟೆಚೂರು ಸುತ್ತಿ ಗ್ಲೌಸು ಏರಿಸಿದರೆ ಮುಗಿಯಿತು. ದೊಡ್ಡಕ್ಕನ ಪಕ್ಕದಲ್ಲಿ ನಿಂತ ನಾದಿನಿಯ ಹೆಬ್ಬೆರಳು ಹಾಗೆಯೇ ಕೀವು ತುಂಬಿ ಊದಿಕೊಂಡಿತ್ತು. ಗಂಡ ಬಿಟ್ಟವಳು, ಹಾಲು ಕುಡಿಯುವ ಕೂಸಿನ ತಾಯಿ. ಈ ಮೇಸ್ತ್ರಿಯ ಕೈಕಾಲು ಹಿಡಿದು ಅವಳನ್ನು ಕೆಲಸಕ್ಕೆ ಸೇರಿಸಿದ್ದು ದೊಡ್ಡಕ್ಕನೇ.

ಮೇಸ್ತ್ರಿ ಸೀದಾ ಬಂದು ನಾದಿನಿಯ ಗ್ಲೌಸು ಕಿತ್ತೆಸೆದ.

"ನೋಡಿ ಮೇಡಂ, ಸಿಕ್ಕಿಬಿದ್ಲು. ಮಕ್ಕಳಿಗೆ ವಿಷ ಹಾಕಿದ್ದು ಈ ಕೊಳಕು ರಂಡೆ."

ಹುಡುಗಿ ಕಡ್ಡಿ ತೆಗೆದಳು. ದೊಡ್ಡಕ್ಕ ಅಡ್ಡ ಬಂದಳು.

"ಇದ್ರಲ್ಲಿ ಕ್ರಿಮಿ ಸಿಕ್ರೆ ಇವಳನ್ನ ಏನ್ ಮಾಡ್ತಾರೆ ತಾಯಿ?"

"ನಂಗೊತ್ತಿಲ್ಲ ಆಂಟಿ. ಗಾಯ ಇರೋರದ್ದೇ ತಗೊಂಡ್ ಬಾ ಅಂದಿದಾರೆ ಮಾಲೀಕ್ರು. ತರದಿದ್ರೆ ಸರ್ಟಿಫಿಕೇಟ್ ಕೊಡಲ್ಲ."

ತಣ್ಣನೆ ಕೋಣೆಯ ಗೋಡೆಯನ್ನೂ ಒರೆಸುತ್ತೀಯಾ ಎಂದು ದೊಡ್ಡಕ್ಕ ಕೇಳಿದಳು. ಹುಡುಗಿ ಮೇಸ್ತ್ರಿಯ ಮುಖ ನೋಡಿದಳು. ಅಲ್ಲಿಗೆ ಹೋಗೋ ಹಾಗಿಲ್ಲ ಅಂದಿದ್ದಾರೆ ಎಂದು ಮೆಲ್ಲಗೆ ಹೇಳಿದಳು.

ದೊಡ್ಡಕ್ಕ ಎಡಗೈ ಗ್ಲೌಸು ಬಿಚ್ಚಿದಳು. ಮೂಳೆ ಬಿಡಿಸುವ ಚೂರಿಯಿಂದ ತನ್ನ ಹೆಬ್ಬೆರಳನ್ನೇ ಗೀರಿದಳು. ರಕ್ತ ಹಲಗೆಯ ಮೇಲೆ ಹರಿಯಿತು.

"ನಂಗೂ ಗಾಯ ಇದೆ. ಒರೆಸು."

ಹುಚ್ಚು ಹಿಡಿಯಿತಾ ನಿಂಗೆ ಎಂದು ಮೇಸ್ತ್ರಿ ಅರಚುವಷ್ಟರಲ್ಲಿ ಎದುರು ಸಾಲಿನ ಮುದುಕಿ ತನ್ನ ಬೆರಳಿಗೆ ಚೂರಿ ಎಳೆದಳು. ಆಮೇಲೆ ಅವಳ ಪಕ್ಕದವಳು, ಅವಳಾಚೆಯ ಬಸುರಿ. ನೋಡನೋಡುತ್ತ ಸಾಲಿಗೆ ಸಾಲೇ ರಕ್ತ ಸೋರುವ ಕೈ ಚಾಚಿ ನಿಂತಿತು.

"ಗಾಯ ಆದೋರು ಕೆಲಸಕ್ಕಿಲ್ಲ ಅಲ್ವಾ ಮೇಸ್ತ್ರಿ?" ಎಂದಳು ದೊಡ್ಡಕ್ಕ. "ಈಗ ಕಳಿಸು, ಎಲ್ಲಾರ್ನೂ."

ಹುಡುಗಿ ಕಡ್ಡಿ ಹಿಡಿದುಕೊಂಡು ಒಬ್ಬೊಬ್ಬರ ಕೈಯನ್ನೇ ನೋಡುತ್ತಿದ್ದಳು. ತಲೆಯ ಮೇಲೆ ಓಡುವ ಸರಪಳಿಯ ಕೊಕ್ಕೆಗಳಲ್ಲಿ ಕೋಳಿಗಳು ಬರುತ್ತಲೇ ಇದ್ದವು. ಮುಟ್ಟುವವರಿಲ್ಲದೆ ಸರಪಳಿಯ ಕೊನೆಗೆ ಹೋಗಿ, ಒಂದರ ಮೇಲೊಂದು ದೊಪ್ಪದೊಪ್ಪನೆ ನೆಲಕ್ಕೆ ಬೀಳತೊಡಗಿದವು.